ಯಾವ ಸಮಾಜದ ಶಾವಿಗಿ?

ಬೋರ್ಡು ಹಸಿರಾಗಿತ್ತು ಎನ್ನುತ್ತೇನೆ ನಾನು. ತಂಗಿ ನೀಲಿ ಎನ್ನುತ್ತಾಳೆ. ಚಿಗವ್ವನನ್ನು ಕೇಳಿದರೆ ಬೋರ್ಡೇ ಇರಲಿಲ್ಲ, ಗೋಡೆಯ ಮೇಲೆ ಬರೆಸಿದ್ದರು ಎಂದು ಸಾಧಿಸುತ್ತಾಳೆ. ಮೂವರೂ ಒಪ್ಪುವುದು ಅದರ ಮೇಲಿದ್ದ ಎರಡು ಶಬ್ದಗಳನ್ನು ಮಾತ್ರ: ‘ಸಮಾಜದ ಶಾವಿಗೆ’. ಆ ಎರಡರಲ್ಲಿ ಶಾವಿಗೆ ಅವ್ವನದು, ಸಮಾಜ ನನ್ನದು. ತಪ್ಪು ನನ್ನ ಶಬ್ದದ್ದೇ ಆದ್ದರಿಂದ ನೆನಪಿಟ್ಟುಕೊಳ್ಳುವ ಕೆಲಸವೂ ನನಗೇ ಬಂದಿದೆ. ತಪ್ಪು ಮಾಡಿದವರ ನೆನಪನ್ನು ಪೂರ್ತಿ ನಂಬಬಾರದು. ಅದು ಸದಾ ತನ್ನ ಕಡೆಗೇ ಸ್ವಲ್ಪ ವಾಲಿ ನಿಂತಿರುತ್ತದೆ. ಇದನ್ನು ಓದುವವರು ಅಷ್ಟು ಎಚ್ಚರ ಇಟ್ಟುಕೊಂಡರೆ ಸಾಕು.

ಶಿಗ್ಗಾಂವಿಯಿಂದ ಸವಣೂರಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ ನಮ್ಮ ಊರು, ಊರಿನ ಕೊನೆಗೆ ನಮ್ಮ ಓಣಿ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಓಣಿಯ ಹೆಂಗಸರು ಸವಣೂರಿನ ಎಲೆತೋಟಗಳಿಗೆ ಕೂಲಿಗೆ ಹೋಗುತ್ತಿದ್ದರು. ವೀಳ್ಯದೆಲೆ ಕೊಯ್ಯುವುದು, ಹಣ್ಣೆಲೆ, ತೂತೆಲೆ ಬೇರೆ ಮಾಡುವುದು, ಕಟ್ಟು ಕಟ್ಟುವುದು. ಅವ್ವನ ಬೆರಳ ತುದಿಗಳು ಅದಕ್ಕೇ ಸದಾ ತಣ್ಣಗೆ, ಸ್ವಲ್ಪ ಹಸಿರಾಗಿ ಇರುತ್ತಿದ್ದವು. ಅಪ್ಪ ರಸ್ತೆ ಕೆಲಸದ ಗ್ಯಾಂಗಿನಲ್ಲಿದ್ದ. ಒಂದು ವರ್ಷ ಅವನು ಬುದ್ಧನ ಫೋಟೋ ತಂದು ಗೋಡೆಗೆ ಮೊಳೆ ಹೊಡೆದ. ಓಣಿಯ ಹಲವು ಮನೆಗಳಲ್ಲಿ ಹಾಗೇ ಆಯಿತು. ಶಾಲೆಯ ರಿಜಿಸ್ಟರಿನಲ್ಲಿ ನಾವು ಬೌದ್ಧರಾದೆವು. ಊರಿನ ಚಹಾದಂಗಡಿಯಲ್ಲಿ ಮಾತ್ರ ನಮ್ಮ ಕಪ್ಪುಗಳು ಇನ್ನೂ ಹೊರಗಿನ ಗೂಡಿನಲ್ಲೇ ಇದ್ದವು. ಕುಡಿದು, ತೊಳೆದು, ಅಲ್ಲೇ ಇಡಬೇಕು.

ಶಾವಿಗೆಯನ್ನು ತಂದವಳು ಚಿಗವ್ವ, ಅವ್ವನ ತಂಗಿ. ಅವಳನ್ನು ಹಿರೇಕೆರೂರು ತಾಲೂಕಿನ ಮಾಸೂರಿಗೆ ಕೊಟ್ಟಿದ್ದರು. ಗಂಡ ತೀರಿದ ಮೇಲೆ ಅವಳು ನಮ್ಮಲ್ಲಿಗೆ ಬಂದಳು. ಬರುವಾಗ ಒಂದು ಗಂಟು ಬಟ್ಟೆ, ಒಂದು ಶಾವಿಗೆ ಮಣೆ. ಆಳುದ್ದದ ಹಲಗೆ, ಮೈತುಂಬ ಉದ್ದಕ್ಕೆ ಕೊರೆದ ಸಣ್ಣ ಗೆರೆಗಳು. ಅದನ್ನು ಗೋಡೆಗೆ ಓರೆಯಾಗಿ ಆನಿಸಿ, ನಾದಿ ಹದ ಮಾಡಿದ ಗೋಧಿ ಕಣಕವನ್ನು ಮೇಲಿಂದ ಅಂಗೈಯಲ್ಲಿ ಹೊಸೆಯುತ್ತ ಬಂದರೆ ಕೆಳಗೆ ದಾರದಂಥ ಎಳೆ ಇಳಿಯುತ್ತದೆ. ಅಂಗೈ ಬಿಗಿ ಹಿಡಿದರೆ ಎಳೆ ಹರಿಯುತ್ತದೆ, ತೀರ ಸಡಿಲ ಬಿಟ್ಟರೆ ಹಗ್ಗದ ಹಾಗೆ ದಪ್ಪ ಬರುತ್ತದೆ. ಎಲೆ ಮುಟ್ಟಿ ಮುಟ್ಟಿ ಮೆತ್ತಗಾಗಿದ್ದ ಅವ್ವನ ಕೈಗೆ ಅದು ಒಂದೇ ವಾರದಲ್ಲಿ ಹತ್ತಿತು. ಚಿಗವ್ವನಿಗೆ ಒಳಗೊಳಗೇ ಹೊಟ್ಟೆಕಿಚ್ಚು.

“ನಾ ಕಲ್ಸಿದ್ದು, ನನಗಿಂತಾ ಸಣ್ಣ ಎಳಿ ತಗಿತಿಯಲ್ಲಬೇ.”

“ನೀ ಕಲಸೂದು ಚಲೋ ಕಲಸ್ತಿ, ಮಾಡೂದು ಬರೂದಿಲ್ಲ.”

ಸವಣೂರಿನ ಪೇಟೆಯಲ್ಲಿ ಒಬ್ಬ ಸಾವ್ಕಾರರ ಖಾರದಂಗಡಿ ಇತ್ತು. ಹಿಂದೆ ಭಟ್ಟಿ, ಮುಂದೆ ಅಂಗಡಿ. ಗಲ್ಲಾದ ಮುಂದೆ ಗಾಜಿನ ಬರಣಿಗಳಲ್ಲಿ ಖಾರ: ಸೇವು, ಚೂಡಾ, ಕರಿದ ಕುರುಕು ತಿಂಡಿಗಳು. ಬಸ್ಸಿನಿಂದ ಇಳಿದರೆ ಮೊದಲು ಮೂಗಿಗೆ ಬರುತ್ತಿದ್ದದ್ದು ಅವರ ಭಟ್ಟಿಯ ವಾಸನೆ: ಕಾದ ಎಣ್ಣೆ, ಬೆಳ್ಳುಳ್ಳಿ, ಕರಿಬೇವು. ಇವತ್ತಿಗೂ ಯಾವುದೋ ಊರಿನ ಯಾವುದೋ ಓಣಿಯಲ್ಲಿ ಆ ವಾಸನೆ ಬಂದರೆ ನನ್ನ ಕಾಲು ತಾನಾಗಿ ನಿಲ್ಲುತ್ತದೆ. ಸಾವ್ಕಾರರ ತಾಯಿಗೆ ವಯಸ್ಸಾಗಿತ್ತು. ಯಂತ್ರದ ಶಾವಿಗೆ ಆಕೆಗೆ ಸೇರುತ್ತಿರಲಿಲ್ಲ. ಕೈಯಲ್ಲಿ ಹೊಸೆದದ್ದೇ ಬೇಕು ಎಂದು ಹಟ. ಪಕ್ಕದ ಅಂಗಡಿಗೆ ಎಲೆಕಟ್ಟು ಹಾಕಲು ಹೋಗಿದ್ದ ಅವ್ವನ ಕಿವಿಗೆ ಇದು ಬಿತ್ತು.

“ನಾ ಹೊಸೆದು ಕೊಡ್ತೇನ್ರಿ. ನಡೀತದೇನು ನೋಡ್ರಿ.”

ಆ ‘ನಡೀತದೇನು’ ಎಂಬುದರಲ್ಲಿ ಎಲ್ಲ ಇತ್ತು. ಅವ್ವ ಯಾರು, ಯಾವ ಓಣಿ, ಸಾವ್ಕಾರರಿಗೆ ಗೊತ್ತಿತ್ತು. ಅವರು, “ನಮ್ಮವ್ವಗ ಹಲ್ಲಿಲ್ಲ. ಸಣ್ಣ ಎಳಿ ಇರ್ಲಿ,” ಎಂದರಂತೆ.

ಮುದುಕಿ ತಿಂದಳು, ಮತ್ತೆ ತರಲು ಹೇಳಿದಳು. ಹೀಗೆ ಶುರುವಾದದ್ದು ಎರಡು ವರ್ಷದಲ್ಲಿ ಓಣಿಯ ಎಂಟು ಹೆಂಗಸರ ಕೆಲಸವಾಯಿತು. ಭಟ್ಟಿಯ ಹಿಂದೆ ಖಾಲಿ ಬಿದ್ದಿದ್ದ ಖೋಲಿಯನ್ನು ಸಾವ್ಕಾರರು ಬಿಟ್ಟುಕೊಟ್ಟರು. ಗೋಧಿ ಯಾವ ಸಂತೆಯಲ್ಲಿ ಆರಿಸಬೇಕು, ಮೋಡದ ದಿನ ಕಣಕ ಯಾಕೆ ನಾದಬಾರದು, ಎರಡು ಬಗೆಯ ಎಳೆಯನ್ನು ಒಂದೇ ಪೊಟ್ಟಣದಲ್ಲಿ ಹಾಕಿದರೆ ಗಿರಾಕಿ ಹೇಗೆ ತಿರುಗಿ ಬರುವುದಿಲ್ಲ ಎಂದು ಕೂತು ಹೇಳಿಕೊಟ್ಟರು. ತಾವು ಅದರಲ್ಲಿ ಪಾಲು ತೆಗೆದುಕೊಳ್ಳಲಿಲ್ಲ. ಯಾಕೆ ಎಂದು ಅವ್ವ ಒಮ್ಮೆ ಕೇಳಿದ್ದಳು. “ನನ್ನ ದಂಧೆ ಖಾರದ್ದು, ಇದು ನಿಮ್ಮ ದಂಧೆ,” ಎಂದಿದ್ದರು. ಎಲ್ಲ ಸರಿ, ಆದರೆ ಶಾವಿಗೆ ಮಾರುತ್ತಿದ್ದದ್ದು ಹಿಂದಿನಿಂದ. ಕೇಳಿದವರಿಗೆ ಮಾತ್ರ, ಖೋಲಿಯಿಂದ ತೆಗೆದು. ಯಾರು ಮಾಡಿದ್ದೆಂದು ಯಾರೂ ಕೇಳುತ್ತಿರಲಿಲ್ಲ, ಸಾವ್ಕಾರರೂ ಹೇಳುತ್ತಿರಲಿಲ್ಲ.

ಅವ್ವನಿಗೆ ಬೇಕಾಗಿದ್ದದ್ದು ಒಂದೇ. ಶಾವಿಗೆ ಗಲ್ಲಾದ ಮುಂದೆ, ಖಾರದ ಬರಣಿಗಳ ಸಾಲಿನಲ್ಲಿ ಕೂಡಬೇಕು. ದಿನಾ ಬಂದು ಹೋಗುವಾಗ ಆ ಸಾಲಿನ ಕೊನೆಯ ಖಾಲಿ ಜಾಗ ನೋಡುತ್ತಿದ್ದಳು. ಒಮ್ಮೆ ಬಾಯಿಬಿಟ್ಟು ಕೇಳಿದಳು ಕೂಡ.

“ಸಾವ್ಕಾರ್ರ, ಅಲ್ಲೊಂದು ಬುಟ್ಟಿ ಹಿಡಿಸ್ತದಲ್ರಿ?”

“ಹಿಡಿಸ್ತದವಾ. ತಡಿ ಸ್ವಲ್ಪ.”

ಆ ‘ಸ್ವಲ್ಪ’ ಒಂದು ವರ್ಷ ಮುಗಿಸಿ ಎರಡನೆಯದಕ್ಕೆ ಕಾಲಿಟ್ಟಿತ್ತು.

ಆಗ ನಾನು ಹಾನಗಲ್ಲಿನಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದೆ. ಓಣಿಯಿಂದ ಅಷ್ಟು ದೂರ ಓದಲು ಹೋದ ಮೊದಲ ಹುಡುಗಿ. ಬೇಸಿಗೆ ರಜೆಗೆ ಬಂದಾಗ ಸಾವ್ಕಾರರು ಹೇಳಿಕಳಿಸಿದರು. ಅವರ ಕೈಯಲ್ಲಿ ಇಂಗ್ಲಿಷಿನ ಒಂದು ಮಡಿಕೆ ಹಾಳೆ. ಹುಬ್ಬಳ್ಳಿಯ ಒಬ್ಬ ಕಾರ್ಖಾನೆ ಮಾಲಕರು ಅವರ ಖಾರದ ಹಳೆಯ ಗಿರಾಕಿ. ಒಮ್ಮೆ ಬಂದಾಗ ಹಿಂದಿನ ಖೋಲಿಯಲ್ಲಿ ಸಾಲಾಗಿ ಇಳಿಬಿಟ್ಟ ಶಾವಿಗೆ ನೋಡಿ, ಇದೇನು ಎಂದು ಕೇಳಿ, ಕೇಳಿಕೊಂಡು ಬಹಳ ಹೊತ್ತು ನಿಂತಿದ್ದರಂತೆ. ಅವರು ಬೇರೆ ಬೇರೆ ದೇಶಗಳ ವ್ಯಾಪಾರಸ್ಥರು, ಕಾರ್ಖಾನೆಯವರು ಕೂಡಿದ ಒಂದು ಕೂಟದಲ್ಲಿದ್ದರು. ಸ್ವಂತ ಲಾಭಕ್ಕಿಂತ ಸುತ್ತಲಿನ ಜನಕ್ಕೆ ದಾರಿಯಾಗುವ ಉದ್ಯೋಗವನ್ನು ಕಟ್ಟಿದವರನ್ನು ಹುಡುಕಿ, ಬೆನ್ನಿಗೆ ನಿಲ್ಲುವುದು ಆ ಕೂಟದ ಕೆಲಸ. ವಿದೇಶದ ಸಾಬೂನು ಕಾರ್ಖಾನೆಯ ಮಾಲಕರೊಬ್ಬರು ಮುಂದಿನ ತಿಂಗಳು ನೋಡಲು ಬರುತ್ತಾರೆ ಎಂದು ಸುದ್ದಿ.

“ಏನವಾ ಕಾಲೇಜಿನಾಕಿ, ಇದನ್ನ ನಮ್ಮ ಬಾಯಾಗ ಬರೂಹಂಗ ಕನ್ನಡ ಮಾಡು.”

ಮರುದಿನ ಖೋಲಿಯಲ್ಲಿ ಕೂತು ಹೆಂಗಸರಿಗೆ ಓದಿ ಹೇಳಿದೆ. ಎಂಟು ಮಣೆ, ಎಂಟು ಜೊತೆ ಕೈ. ಕಿಟಕಿಯಿಂದ ಬಿಸಿಲು ಬಿದ್ದು ಗೋಧಿಪುಡಿ ಗಾಳಿಯಲ್ಲಿ ಹೊಳೆಯುತ್ತಿತ್ತು. ಗಾಳಿಯಲ್ಲಿ ಪುಡಿ ಹೊಳೆಯುವ ಈ ಚಿತ್ರ ನಿಜವಾಗಿ ಆ ದಿನದ್ದೋ, ಬೇರೆ ಹತ್ತು ದಿನಗಳಿಂದ ಬಂದು ಇಲ್ಲಿ ಕೂತದ್ದೋ ಹೇಳಲಾರೆ. ಎಲ್ಲೋ ಒಂದು ದೇಶದಲ್ಲಿ ಜೇನು ಸಾಕುವ ಹೆಂಗಸರಿಗೆ ಒಬ್ಬ ಹಡಗಿನ ಮಾಲಕ ಬೆಂಬಲವಂತೆ. ಇನ್ನೊಂದು ಕಡೆ ಕುರುಡರು ನಡೆಸುವ ಬುಟ್ಟಿ ಕಾರ್ಖಾನೆಗೆ ಒಬ್ಬ ಗಡಿಯಾರದ ವ್ಯಾಪಾರಿಯಂತೆ.

“ಅಲ್ಲೂ ಸಾವ್ಕಾರ್ರು ಇರ್ತಾರೇನಬೇ?” ಎಂದಳು ಎದುರುಮನೆಯ ದೊಡ್ಡವ್ವ.

“ಇರ್ಲಾರದ ಏನು? ಸಾವ್ಕಾರ್ರು ಇಲ್ಲದ ದೇಶ ಐತೇನು?”

“ಅಂವಗೇನು ಲಾಭ ಅದ್ರಾಗ, ಗಡಿಯಾರದಂವಗ?”

“ಪುಣ್ಯ ಬರ್ತೈತಿ.”

“ಅವ್ರ ದೇಶದಾಗ ಪುಣ್ಯ ಐತೋ ಇಲ್ಲೋ ಯಾರಿಗ್ಗೊತ್ತು,” ಎಂದಳು ಚಿಗವ್ವ. ಎಲ್ಲರೂ ನಕ್ಕರು. ಅವ್ವ ನಗಲಿಲ್ಲ. “ಅವ್ರು ಬಂದಾಗ ಶಾವಿಗಿ ಎಲ್ಲಿಡ್ತಾರ, ಮುಂದೋ, ಹಿಂದೋ?” ಎಂದಳು.

ಆ ಹಾಳೆಯಲ್ಲಿ ಮತ್ತೆ ಮತ್ತೆ ಬರುವ ಶಬ್ದ ‘ಸೋಶಿಯಲ್’. ಹಾಸ್ಟೆಲಿನಿಂದ ತಂದಿದ್ದ ಡಿಕ್ಷನರಿಯಲ್ಲಿ ‘ಸಾಮಾಜಿಕ’ ಎಂದಿತ್ತು. ಅದು ನಮ್ಮ ಜನಕ್ಕೆ ಭಾರವಾದೀತು ಎಂದು ನಾನು ಅದನ್ನು ಹಗುರ ಮಾಡಿದೆ: ಸಮಾಜದ ಉದ್ಯೋಗ. ಕಾಲೇಜಿನ ಪುಸ್ತಕಗಳಲ್ಲಿ ಸಮಾಜವೆಂದರೆ ಎಲ್ಲರೂ. ಸಾವ್ಕಾರರು ಎರಡು ಸಲ ಓದಿಕೊಂಡರು. ಏನೋ ಕೇಳಬೇಕೆಂದು ಬಾಯಿ ತೆರೆದವರು ಹಾಳೆಯನ್ನು ಮಡಿಚಿ ಜೇಬಿಗಿಟ್ಟುಕೊಂಡರು. ಅತಿಥಿಗಳು ಬರುವ ಮುಂಚೆ ಬೋರ್ಡು ಬೇಕೆಂದಾಗ ಶಿಗ್ಗಾಂವಿಯ ಪೇಂಟರನಿಗೆ ‘ಸಮಾಜದ ಶಾವಿಗೆ’ ಎಂದು ಚೀಟಿ ಬರೆದುಕೊಟ್ಟವಳೂ ನಾನೇ. ‘ಸಾಮಾಜಿಕ’ ಎಂದೇ ಬಿಟ್ಟಿದ್ದರೆ ಯಾರಿಗೂ ಅರ್ಥವಾಗುತ್ತಿರಲಿಲ್ಲ, ಎಲ್ಲರೂ ಪಾರಾಗುತ್ತಿದ್ದರು.

ಬೋರ್ಡು ಬಂದ ದಿನ ಸಾವ್ಕಾರರು ಮೊದಲ ಬಾರಿ ಶಾವಿಗೆಯ ಬುಟ್ಟಿಯನ್ನು ಮುಂದೆ ತಂದು, ಖಾರದ ಸಾಲಿನ ಕೊನೆಯ ಆ ಖಾಲಿ ಜಾಗದಲ್ಲಿಟ್ಟರು. ಬಿಳಿ ಬಟ್ಟೆ ಹಾಸಿದ ಬುಟ್ಟಿ. ಅವ್ವ ರಸ್ತೆಯ ಆಚೆ ನಿಂತು ನೋಡಿದಳು. ಈಚೆ ಬಂದು ನೋಡಿದಳು. ಸೆರಗಿನಿಂದ ಮುಖ ಒರೆಸಿಕೊಂಡಳು, ಸೆಕೆಗೆ ಎಂದಳು.

ಎರಡೇ ದಿನಕ್ಕೆ ಬುಟ್ಟಿ ಖಾಲಿ. ಮತ್ತೆ ತುಂಬಿದರು, ಮತ್ತೆ ಖಾಲಿ. ನಮ್ಮ ಎಂಟೂ ಮಣೆಗಳು ಬಿಡುವಿಲ್ಲದೆ ಹೊಸೆದವು. ನನಗೆ ಹೆಮ್ಮೆ, ನನ್ನ ಬೋರ್ಡು ಕೆಲಸ ಮಾಡುತ್ತಿದೆ! ಒಂದು ಬೆಳಿಗ್ಗೆ ಅಂಗಡಿಯ ಬದಿಗೆ ನಿಂತಿದ್ದೆ. ಒಬ್ಬ ಹೆಣ್ಣುಮಗಳು ಕೊಳ್ಳುತ್ತ ಗಲ್ಲಾದ ಮೇಲಿದ್ದ ಸಾವ್ಕಾರರಿಗೆ ಹೇಳಿದಳು:

“ಭಾಳ ಚಲೋ ಕೆಲಸ ಮಾಡಿದ್ರಿ ನೋಡ್ರಿ. ನಮ್ಮ ಸಮಾಜದ ಹೆಣ್ಮಕ್ಕಳಿಗೆ ಒಂದು ದಾರಿ ಆತು.”

ಸಾವ್ಕಾರರು ಪೊಟ್ಟಣ ಕಟ್ಟುವುದರಲ್ಲಿ ಬಹಳ ಗಮನವಿಟ್ಟರು.

ನಾನು ಅಲ್ಲೇ ನಿಂತು ಬೋರ್ಡನ್ನು ಇನ್ನೊಮ್ಮೆ ಓದಿದೆ. ನಮ್ಮ ಕಡೆ ಸಮಾಜವೆಂದರೆ ಏನೆಂದು ನನಗೆ ಗೊತ್ತಿರಲಿಲ್ಲವೇ? ಹುಟ್ಟಿದಾಗಿನಿಂದ ಗೊತ್ತು. ಸಮಾಜದ ಸಭೆ, ಸಮಾಜದ ಹಿರಿಯರು, ಸಮಾಜದ ಕಲ್ಯಾಣಮಂಟಪ: ಅದು ಜಾತಿಗೆ ಮರ್ಯಾದೆಯ ಹೆಸರು. ಬಸ್ಸಿನಲ್ಲಿ ಪಕ್ಕ ಕೂತವರು ಊರು ಕೇಳಿ, ಆಮೇಲೆ ಮೆತ್ತಗೆ “ಯಾವ ಸಮಾಜ?” ಎಂದು ಕೇಳುತ್ತಾರೆ. ಹಾನಗಲ್ಲಿನ ಪುಸ್ತಕ ಅದನ್ನು ನನ್ನ ತಲೆಯಿಂದ ಎರಡು ವರ್ಷದಲ್ಲಿ ಅಳಿಸಿತ್ತು. ಸಾವ್ಕಾರರ ಅಂಗಡಿಯ ಮೇಲಿನ ಸಮಾಜ ಅಂದರೆ ಸಾವ್ಕಾರರ ಸಮಾಜ. ಜನ ಹಾಗೆ ಓದಿಕೊಂಡಿದ್ದರು. ಅವ್ವನ ಶಾವಿಗೆ ಮುಂದೆ ಬಂದಿತ್ತು, ಅವ್ವ ಇನ್ನಷ್ಟು ಹಿಂದೆ ಹೋಗಿದ್ದಳು.

ಮನೆಗೆ ಬಂದು ಹೇಳಿದೆ. ಅವ್ವ ಜೋಳ ಕೇರುತ್ತಿದ್ದಳು. ಮೊರ ನಿಲ್ಲಿಸಲಿಲ್ಲ.

“ನನಗ ಮೊದಲನೇ ದಿನಾನ ಗೊತ್ತಾತು.”

“ಮತ್ತ ಸುಮ್ಮಕಿದ್ದಿ?”

“ನೀ ಬರದದ್ದು ಮೊದಲನೇ ಬೋರ್ಡು. ಹೆಂಗ ಹೇಳ್ಲಿ?” ಸ್ವಲ್ಪ ಹೊತ್ತು ಕೇರಿದ ಮೇಲೆ ಹೇಳಿದಳು, “ಬುಟ್ಟಿ ಅಲ್ಲಿ ಕುಂತದ. ಅದನ್ನ ಎಬ್ಬಸ್ಬ್ಯಾಡ.”

ನಾನು ಸಾವ್ಕಾರರ ಬಳಿಗೂ ಹೋದೆ. ಅವರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದರು. “ನೀ ಬರದಿದ್ದು ಸುಳ್ಳೇನಲ್ಲಲ್ಲ,” ಎಂದರು. “ಜನ ಹೆಂಗ ಓದ್ಕೋತಾರ, ಓದ್ಕೊಳ್ಳಿ.” ಅವರು ಒಳ್ಳೆಯವರು. ಆದರೆ ಆ ದಿನ ಅವರು ನನ್ನ ಮುಖ ನೋಡದೆ ಮಾತಾಡಿದರು. ಅದನ್ನೂ ಬರೆದಿಡಬೇಕು.

ಅತಿಥಿಗಳು ಬರುವ ಸುದ್ದಿ ಪೇಟೆಯಲ್ಲಿ ಹರಡಿತು. ಸಾವ್ಕಾರರ ಸಮಾಜದ ಹಿರಿಯರೊಬ್ಬರಿದ್ದರು. ಕಿರಾಣಿ ಅಂಗಡಿಯವರು, ದೊಡ್ಡ ದನಿ, ದೊಡ್ಡ ರುಮಾಲು. ಪರದೇಶದ ವ್ಯಾಪಾರಿ ಬಂದು ತಮ್ಮ ಸಮಾಜದ ಕೆಲಸ ನೋಡುತ್ತಾನೆಂದರೆ ಅವರಿಗೆ ಸುಮ್ಮನಿರಲಾಗಲಿಲ್ಲ. ಹಿಂದಿನ ದಿನ ಅಂಗಡಿಗೆ ಬಂದು ಹೇಳಿದರು:

“ಕೂಲಿಯವ್ರನ್ನ ಕೂಡ್ರಸ್ಬ್ಯಾಡ್ರಿ ನಾಳೆ. ನಮ್ಮ ಮನಿ ಹೆಣ್ಮಕ್ಕಳು ನಾಕು ಮಂದಿ ಇಳಕಲ್ ಸೀರಿ ಉಟ್ಟು ಕುಂದರ್ತಾರ. ಫೋಟೋದಾಗ ಚಂದ ಕಾಣ್ತೈತಿ.”

ಸಾವ್ಕಾರರು ಇಲ್ಲವೆನ್ನಲಿಲ್ಲ. ಹೇಳಬೇಕಾದರೆ ಎಲ್ಲವನ್ನೂ ಹೇಳಬೇಕಾಗುತ್ತಿತ್ತು. ಸಂಜೆ ಅವ್ವನನ್ನು ಕರೆದು, “ನಾಳೆ ಒಂದಿನ ನೀವೆಲ್ಲಾ ಭಟ್ಟಿ ಕಡೆ ಇರ್ರಿ,” ಎಂದರು. ಅವ್ವ “ಹೂಂನ್ರಿ,” ಎಂದಳು. ನಾಳೆಯಿಂದ ಊರಿಗೆಲ್ಲ ಅದು ಬೇರೆಯವರ ಕೈಯ ಶಾವಿಗೆಯೆಂದು ಖಾಯಂ ಆಗುತ್ತದೆ ಎಂದು ಅವಳಿಗೂ ನನಗೂ ಗೊತ್ತಿತ್ತು. ಆಮೇಲೆ ನಮ್ಮದೆಂದರೆ ನಾವೇ ಸುಳ್ಳರು.

ಮರುದಿನ ಕಾರು ಬಂತು. ಹುಬ್ಬಳ್ಳಿಯ ಮಾಲಕರು, ಜೊತೆಗೆ ಸಾಬೂನು ಕಾರ್ಖಾನೆಯ ವಿದೇಶಿ. ತಂಗಿ ಇಬ್ಬರು ವಿದೇಶಿಯರು ಎನ್ನುತ್ತಾಳೆ; ನನಗೆ ನೆನಪಿರುವುದು ಒಬ್ಬರೇ, ಎತ್ತರದ ಮುದುಕ, ಬಿಸಿಲಿಗೆ ಕೆಂಪಾದ ಕಿವಿಗಳು. ಹಿರಿಯರು ಹಾರ ಹಾಕಿದರು. ವಿದೇಶಿ ಖಾರ ತಿಂದರು, ನೀರು ಕುಡಿದರು, ಮತ್ತೆ ಖಾರ ತಿಂದರು. ಎಲ್ಲರೂ ಹಿಂದಿನ ಖೋಲಿಗೆ ಬಂದೆವು. ಭಾಷೆ ದಾಟಿಸಲು ನಾನು.

ನಾಲ್ಕು ಮಣೆ, ನಾಲ್ಕು ಇಳಕಲ್ ಸೀರೆ. ನಮ್ಮ ಎಂಟು ಜನ ಭಟ್ಟಿಯ ಬಾಗಿಲಲ್ಲಿ, ಒಬ್ಬರ ಹೆಗಲ ಮೇಲಿಂದ ಒಬ್ಬರು ಇಣುಕುತ್ತ. ಆ ನಾಲ್ವರಿಗೂ ಶಾವಿಗೆ ಗೊತ್ತಿಲ್ಲವೆಂದಲ್ಲ, ಮನೆಗಾಗುವಷ್ಟು ಎಂದೋ ಹೊಸೆದವರೇ. ಆದರೆ ವಿದೇಶಿ ಎದುರು ಕುಕ್ಕುರುಗಾಲಲ್ಲಿ ಕೂತು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಒಬ್ಬಳ ಎಳೆ ಹರಿಯಿತು. ಮತ್ತೊಬ್ಬಳದು ಹಗ್ಗವಾಯಿತು. ತುದಿಯಲ್ಲಿದ್ದ ಚಿಕ್ಕ ವಯಸ್ಸಿನಾಕೆಯ ಕಣಕ ಮಣೆಗೇ ಅಂಟಿಕೊಂಡಿತು. ಆಕೆ ಬೆವರುತ್ತ ಕಿತ್ತಳು, ಮತ್ತೆ ಹಚ್ಚಿದಳು, ಮತ್ತೆ ಅಂಟಿತು.

“ಚಿತ್ರ ತಗಿರಿ, ಚಿತ್ರ ತಗಿರಿ,” ಎಂದರು ಹಿರಿಯರು.

ಆಗ ಅವ್ವ ಬಂದಳು. ಬರಬೇಕೆಂದು ನಿಶ್ಚಯಿಸಿ ಬಂದಳು ಎಂದು ನಮ್ಮ ಓಣಿಯಲ್ಲಿ ಹೇಳುತ್ತಾರೆ. ನಾನು ಆ ಹೊತ್ತಿಗೆ ಅವಳ ಮುಖ ನೋಡುತ್ತಿದ್ದೆ. ಅಲ್ಲಿ ನಿಶ್ಚಯವೇನೂ ಇರಲಿಲ್ಲ. ಕೆಟ್ಟ ಎಳೆ ನೋಡಲಾಗದ ಸಂಕಟವಿತ್ತು, ಹಾಲು ಉಕ್ಕುವುದನ್ನು ನೋಡಿದವರು ಓಡುವ ಹಾಗೆ. ನಾಲ್ಕು ಹೆಜ್ಜೆ ಹಾಕಿ ಆ ಚಿಕ್ಕ ಹೆಣ್ಣುಮಗಳ ಪಕ್ಕ ಕೂತೇಬಿಟ್ಟಳು.

“ಹಂಗಲ್ರಿ ತಂಗಿ. ಅಂಗೈ ಸಡ್ಲ ಬಿಡ್ರಿ. ಬಡಿಬ್ಯಾಡ್ರಿ ಅದನ್ನ, ಜಾರಸ್ರಿ. ಹೀಂಗ...”

ಆಕೆಯ ಕೈಯ ಮೇಲೆ ತನ್ನ ಕೈ ಇಟ್ಟು ಮೇಲಿಂದ ಕೆಳಗೆ ಒಮ್ಮೆ ಎಳೆದಳು. ಕೂದಲಿನಂಥ ಎಳೆಗಳು ಮಣೆಯ ಕೆಳಗೆ ಸುರುಳಿಯಾಗಿ ಇಳಿದವು. ವಿದೇಶಿ ಏನೋ ಉದ್ಗಾರ ತೆಗೆದರು.

“ಈಕಿ ಯಾರು?” ಎಂದರು ಹಿರಿಯರು.

ಅವ್ವ ಆಗ ಆಕೆಯ ಕೈ ಮೇಲಿದ್ದ ತನ್ನ ಕೈಯನ್ನು ಎತ್ತಿದಳು. ಏನು ಮಾಡಿದೆನೆಂದು ಆಗ ಅವಳಿಗೆ ತಿಳಿಯಿತೆಂದು ನಾನು ತಿಳಿದಿದ್ದೇನೆ. ಎದ್ದು ಹೋಗಬಹುದಿತ್ತು. ಭಟ್ಟಿಯ ಕೂಲಿ ಎಂದರೆ ಮುಗಿಯುತ್ತಿತ್ತು, ಬುಟ್ಟಿ ಅಲ್ಲೇ ಕೂತಿರುತ್ತಿತ್ತು.

“ಶಾವಿಗಿ ಮಾಡಾಕಿ ನಾನರಿ,” ಎಂದಳು. ಬಾಗಿಲ ಕಡೆ ಕೈ ತೋರಿಸಿದಳು. “ನಾವು ಎಂಟು ಮಂದಿ.” ಮತ್ತೆ ನಮ್ಮ ಊರಿನ ಹೆಸರು ಹೇಳಿ, ಓಣಿಯ ಹೆಸರು ಹೇಳಿದಳು. ಆ ಓಣಿಯ ಹೆಸರು ಹೇಳಿದರೆ ಸಮಾಜ ಕೇಳುವ ಅಗತ್ಯವೇ ಇರಲಿಲ್ಲ.

ಹಿರಿಯರು ಸಾವ್ಕಾರರ ಕಡೆ ತಿರುಗಿದರು. “ಬೋರ್ಡಿನ ಮ್ಯಾಲ ಸಮಾಜ ಅಂತ ಬರಸೀರಿ?”

ನಮ್ಮ ಓಣಿಯ ಪ್ರಕಾರ ಸಾವ್ಕಾರರು ಇಲ್ಲಿ ದೊಡ್ಡ ಭಾಷಣ ಮಾಡಿದರು. ಅದು ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತ ಬಂದಿದೆ. ನಾನು ಕೇಳಿದ್ದು ಇಷ್ಟೇ. ಅವರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. “ಮೂರು ವರ್ಷಾತು ನಮ್ಮವ್ವ ಇದನ್ನ ಉಣ್ಣಾಕತ್ತಿ,” ಎಂದರು. “ಬೋರ್ಡು ಇರ್ಲಿ.” ಈ ಸಲ ಮುಖ ನೋಡಿ ಮಾತಾಡಿದರು.

ಹಿರಿಯರು ರುಮಾಲು ಸರಿಮಾಡಿಕೊಂಡು ಹೊರಟರು. ಮೂರು ಇಳಕಲ್ ಸೀರೆಗಳು ಎದ್ದು ಹಿಂದೆ ಹೋದವು. ನಾಲ್ಕನೆಯಾಕೆ, ಆ ಚಿಕ್ಕ ವಯಸ್ಸಿನವಳು, ಏಳಲು ಹೋದವಳು ಮತ್ತೆ ಕೂತಳು. “ಇನ್ನೊಮ್ಮೆ ತೋರಸ್ರಿ,” ಎಂದಳು ಅವ್ವನಿಗೆ. ಧೈರ್ಯವೋ, ಹಟವೋ, ಬರೀ ಎಳೆಯ ಮೋಹವೋ. ಆಕೆಯನ್ನು ನಾನು ಮತ್ತೆ ನೋಡಲಿಲ್ಲ, ಕೇಳಲೂ ಆಗಲಿಲ್ಲ. ಹೊರಗಿನಿಂದ ಯಾರೋ ಗಟ್ಟಿಯಾಗಿ ಕೂಗಿದ ಮೇಲೆ ಎದ್ದು ಹೋದಳು.

ವಿದೇಶಿ ನನ್ನನ್ನು ಕೇಳಿದರು, ಏನಾಯಿತು, ಯಾಕೆ ಹೋದರು. ಇಡೀ ಬೇಸಿಗೆ ನಾನು ಮಾಡಿದ ಕೆಲಸವೇ ಆ ಭಾಷೆಯಿಂದ ಈ ಭಾಷೆಗೆ ದಾಟಿಸುವುದು. ಆಗ ಮಾತ್ರ ನಾನು ದಾಟಿಸಲಿಲ್ಲ. “ಅಂಗೈಯನ್ನು ಹೇಗೆ ಹಿಡಿಯಬೇಕೆಂದು ಮಾತಾಡುತ್ತಿದ್ದಾರೆ,” ಎಂದೆ. ಅವರು ಗಂಭೀರವಾಗಿ ತಲೆಯಾಡಿಸಿದರು. ಇದು ನನ್ನ ಎರಡನೆಯ ತಪ್ಪು. ಹುಬ್ಬಳ್ಳಿಯ ಮಾಲಕರಿಗೆ ಎಲ್ಲ ತಿಳಿದಿತ್ತು. ಕಾರಿನಲ್ಲಿ ಅವರು ತಿಳಿಸಿ ಹೇಳಿರಬೇಕು. ಹೋಗುವ ಮುಂಚೆ ವಿದೇಶಿ ಅವ್ವನ ಎದುರು ಮತ್ತೆ ಕೂತು, ನಿಮಗೆ ಏನು ಬೇಕು ಎಂದು ಕೇಳಿಸಿದರು. ಅವ್ವ ಯೋಚಿಸಿ ಹೇಳಿದಳು: “ಇವು ಒಣಗೂ ಮುಂದ ನೊಣ ಕೂಡ್ತಾವ, ದೂಳು ಬೀಳ್ತದ. ಜಾಳಿಗಿ ಇದ್ರ ಬೇಷಿತ್ತು.”

ಎರಡು ತಿಂಗಳಲ್ಲಿ ಸಣ್ಣ ಕಣ್ಣಿನ ತಂತಿ ಜಾಳಿಗೆಯ ಸುರುಳಿಗಳು ಬಂದವು. ಹುಬ್ಬಳ್ಳಿಯ ಮಾಲಕರು ತಮ್ಮ ಲೆಕ್ಕಕ್ಕೆ ಕಾರ್ಖಾನೆಯಲ್ಲಿ ಯಂತ್ರದಿಂದ ಕೊರೆಸಿದ ಹನ್ನೆರಡು ಹೊಸ ಮಣೆಗಳನ್ನೂ ಕಳಿಸಿದರು. ಅವು ಎಷ್ಟು ನುಣುಪಾಗಿದ್ದವೆಂದರೆ ಕಣಕ ಹಿಡಿತವಿಲ್ಲದೆ ಜಾರಿ ಉಂಡೆಯಾಗಿ ಕೆಳಗೆ ಬೀಳುತ್ತಿತ್ತು. ಹೆಂಗಸರು ಅವನ್ನು ಅಡ್ಡ ಮಲಗಿಸಿ ಪೊಟ್ಟಣ ಇಡುವ ಹಲಗೆ ಮಾಡಿಕೊಂಡರು. ಆಮೇಲೊಮ್ಮೆ ಬಂದ ಮಾಲಕರು ಅದನ್ನು ನೋಡಿ ನಕ್ಕು, ಚಿಗವ್ವನ ಹಳೆಯ ಮಣೆಯ ಮೇಲೆ ಬೆರಳಾಡಿಸಿ, “ಇದ್ರ ಕೊರಕು ನಮ್ಮ ಯಂತ್ರಕ್ಕ ಬರೂದಿಲ್ಲ ಬಿಡ್ರಿ,” ಎಂದರು. ಚಿಗವ್ವ ಆ ಮಾತನ್ನು ಒಂದು ವರ್ಷ ಉಂಡಳು.

ಬುಟ್ಟಿಯ ಕಥೆ ಅಷ್ಟು ಸುಲಭವಾಗಿರಲಿಲ್ಲ. ಮರುದಿನ ಅದು ತುಂಬಿಯೇ ಇತ್ತು. ಅದರ ಮರುದಿನವೂ. ಕೊಂಡ ಪೊಟ್ಟಣವನ್ನು ತಂದು ಗಲ್ಲಾದ ಮೇಲೆ ಇಟ್ಟು ಮಾತಿಲ್ಲದೆ ಹೋದವರೂ ಇದ್ದರು. ಆ ಸಲದ ಲಗ್ನದ ದಿನಗಳಲ್ಲಿ ಸಾವ್ಕಾರರ ಭಟ್ಟಿ ಹಲವು ದಿನ ಹೊಗೆಯಾಡಲಿಲ್ಲ. ಬರಬೇಕಾದ ಖಾರದ ಆರ್ಡರುಗಳು ಬಂದಿರಲಿಲ್ಲ. ಅವ್ವ ಒಂದು ಸಂಜೆ ತಾನಾಗಿಯೇ ಬುಟ್ಟಿ ಎತ್ತಿಕೊಂಡು ಹಿಂದಕ್ಕೆ ಹೊರಟಳಂತೆ.

“ಎಲ್ಲಿಗೆ ಒಯ್ತಿ?”

“ಹಿಂದಿಡ್ತೇನ್ರಿ. ನಿಮ್ಮ ಖಾರಾ ಕೆಡ್ತದ ನಮ್ಮಿಂದ.”

“ಖಾರಾ ಎಣ್ಣಿ ಕೆಟ್ರ ಕೆಡ್ತದವಾ. ಇಡು ಅಲ್ಲೇ.”

ಇಟ್ಟಳು. ಮೊದಲು ತಿರುಗಿ ಬಂದವರು ಪೇಟೆಯ ಮುಸಲ್ಮಾನರ ಮನೆಯವರು, ರಂಜಾನಿಗೆ. ಅವರಿಗೆ ಎಳೆ ಸಣ್ಣದಿದ್ದರೆ ಸಾಕಿತ್ತು. ಆಮೇಲೆ ಒಬ್ಬೊಬ್ಬರೇ ಇತರರು, ಕೆಲವರು ಮಕ್ಕಳನ್ನು ಕಳಿಸಿ, ಕೆಲವರು ಬೇರೆ ಊರಿನ ನೆಂಟರ ಹೆಸರು ಹೇಳಿ. ಕೆಲವರು ಕೊನೆಗೂ ಬರಲೇ ಇಲ್ಲ. ಹೊಸ ಗಿರಾಕಿಗಳು ಬೋರ್ಡು ನೋಡಿ “ಯಾವ ಸಮಾಜದ್ದರಿ?” ಎಂದು ಕೇಳಿದರೆ ಸಾವ್ಕಾರರು ಅವ್ವನ ಓಣಿಯ ಹೆಸರು ಹೇಳಿ, ಅದೇ ಉಸಿರಿನಲ್ಲಿ, “ಸಣ್ಣ ಎಳಿದು ಕೊಡ್ಲೋ, ದಪ್ಪಂದೋ?” ಎನ್ನುತ್ತಿದ್ದರು.

ನಾನು ಆ ಬೇಸಿಗೆ ಮುಗಿಸಿ ಹಾನಗಲ್ಲಿಗೆ ಹೋದೆ. ಮುಂದಿನ ವರ್ಷ ಒಂದು ಲಕೋಟೆ ಬಂತು. ಸಾಬೂನಿನವರು ಕಳಿಸಿದ ಫೋಟೋ. ಅವರ ಕೂಟ ಬೆಂಬಲಿಸುವ ಇನ್ನೊಂದು ಕೆಲಸವಂತೆ, ಬಹಳ ದೂರದ ಒಂದು ದೇಶದ್ದು. ದೇಶದ ಹೆಸರು ಹಿಂದೆ ಬರೆದಿತ್ತು, ಎಣ್ಣೆಯ ಬೆರಳಿನಿಂದ ಅಳಿಸಿಹೋಗಿದೆ. ಉದ್ದದ ಕೋಲುಗಳ ಮೇಲೆ ಬಿಳಿ ಎಳೆಗಳನ್ನು ಇಳಿಬಿಟ್ಟು ನಾಲ್ಕೈದು ಹೆಂಗಸರು ನಿಂತಿದ್ದಾರೆ. ಮೂಗು ಬೇರೆ, ಬಟ್ಟೆ ಬೇರೆ. ಎಳೆ ಅದೇ.

ರಜೆಗೆ ಬಂದಾಗ ಖೋಲಿಯಲ್ಲಿ ಅದನ್ನು ತೋರಿಸಿದೆ. ಹೆಂಗಸರು ಕೈಯಿಂದ ಕೈಗೆ ದಾಟಿಸಿದರು. ದೊಡ್ಡವ್ವ ಕಣ್ಣಿಗೆ ಹತ್ತಿರ ಹಿಡಿದು, “ಎಳಿ ದಪ್ಪ ಐತಿ,” ಎಂದು ತೀರ್ಪು ಕೊಟ್ಟಳು. ಚಿಗವ್ವ ಮಣೆ ಎಲ್ಲೆಂದು ಹುಡುಕಿದಳು. ಕೊನೆಗೆ ಅವ್ವನ ಕೈಗೆ ಬಂತು. ಅವಳು ಕೈಯನ್ನು ಸೀರೆಗೆ ಒರೆಸಿಕೊಂಡು, ಅಂಚು ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಮುಖ ಪೂರ್ತಿ ಗಂಭೀರ.

“ಏನವಾ ಕಾಲೇಜಿನಾಕಿ. ಇವ್ರದು ಯಾವ ಸಮಾಜ?”

ಖೋಲಿಗೆ ಖೋಲಿಯೇ ನಕ್ಕಿತು. ಮುಂದೆ ಗಲ್ಲಾದಿಂದ ಸಾವ್ಕಾರರು ಏನಾತು ಎಂದು ಕೂಗಿ ಕೇಳಿದರು. ಯಾರಿಗೂ ಹೇಳಲು ಉಸಿರಿರಲಿಲ್ಲ. ತಂಗಿ ಆ ಮಾತು ಹೇಳಿದವಳು ಅವ್ವನಲ್ಲ, ಚಿಗವ್ವ ಎನ್ನುತ್ತಾಳೆ. ಇರಬಹುದು. ಹಾಗಿದ್ದರೂ ಅವ್ವನ ಬಾಯಲ್ಲೇ ಇಡುತ್ತೇನೆ. ಆ ಬೋರ್ಡಿಗೆ ಅವಳು ಇಷ್ಟಾದರೂ ತಿರುಗಿ ಹೇಳಬೇಕಿತ್ತು.